ಮೇಲಿನ ಸಾಲಿನ ಹಿತ್ತಾಳೆ ಬಿಲ್ಲೆ

ಓದುಗ ಬಂಧುಗಳಿಗೆ ನಮಸ್ಕಾರ. ನಾನು ಬರಹಗಾರನಲ್ಲ, ಮೂವತ್ತೊಂದು ವರ್ಷ ಒಂದೇ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಹುಟ್ಟಿದ ಊರು ನವಲಗುಂದ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟೆ. ಮತ್ತೆ ಪುಸ್ತಕ ಹಿಡಿದದ್ದು ಇಪ್ಪತ್ತೆರಡನೇ ವಯಸ್ಸಿಗೆ, ಯಶವಂತಪುರದ ಒಂದು ರಾತ್ರಿ ಶಾಲೆಯಲ್ಲಿ. ಎಸ್ಸೆಸ್ಸೆಲ್ಸಿ ಪಾಸಾದಾಗ ನನಗೆ ಇಪ್ಪತ್ತೇಳು ತುಂಬಿತ್ತು. ಹಾಗಾಗಿ ಒತ್ತಕ್ಷರ ತಪ್ಪಿದ್ದರೆ, ವಾಕ್ಯ ಎಲ್ಲಾದರೂ ಕುಂಟಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಟೈಪ್ ಮಾಡುತ್ತಿದ್ದೇನೆ. ಇಷ್ಟು ಬರೆಯಲು ನನಗೆ ಹನ್ನೊಂದು ದಿನ ಬೇಕಾಯಿತು.

ನಾನು ಹೇಳಹೊರಟಿರುವುದು ೧೯೮೦ರ ವಿಷಯ. ಆಗ ನಾನು ಜಾಲಹಳ್ಳಿ ಕಡೆಯ ಒಂದು ಯಂತ್ರ ತಯಾರಿಸುವ ಕಾರ್ಖಾನೆಯಲ್ಲಿ ಟೈಮ್ ಕೀಪರ್ ಆಗಿದ್ದೆ. ಟೈಮ್ ಆಫೀಸಿನ ಕೆಲಸವೆಂದರೆ ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಬರೆದಿಡುವುದು. ಈಗಿನಂತೆ ಬೆರಳು ಒತ್ತುವ ಯಂತ್ರ ಆಗ ಇರಲಿಲ್ಲ. ಪ್ರತಿ ಕಾರ್ಮಿಕನಿಗೂ ನಂಬರು ಕೊರೆದ ಒಂದು ಹಿತ್ತಾಳೆ ಟೋಕನ್. ನಾವೆಲ್ಲ ಅದನ್ನು ಬಿಲ್ಲೆ ಎನ್ನುತ್ತಿದ್ದೆವು. ಗೇಟಿನ ಪಕ್ಕದ ಗೋಡೆಯ ಮೇಲೆ ಹಲಗೆ, ಹಲಗೆಯ ಮೇಲೆ ಹತ್ತು ಸಾಲು ಕೊಕ್ಕೆಗಳು, ಕೊಕ್ಕೆಗೊಂದು ಬಿಲ್ಲೆ. ಬೆಳಿಗ್ಗೆ ಒಳಗೆ ಬರುವವರು ತಮ್ಮ ಬಿಲ್ಲೆ ತೆಗೆದು ಕೆಳಗಿನ ಪೆಟ್ಟಿಗೆಗೆ ಹಾಕಬೇಕು. ಏಳೂವರೆಗೆ ಸೈರನ್. ಏಳೂ ಮೂವತ್ತೈದಕ್ಕೆ ಪೆಟ್ಟಿಗೆಗೆ ನಾನು ಬೀಗ ಹಾಕುತ್ತಿದ್ದೆ. ಕೊಕ್ಕೆಯಲ್ಲಿ ಉಳಿದ ಬಿಲ್ಲೆಯವರು ಅವತ್ತು ಲೇಟು, ಇಲ್ಲವೇ ಗೈರು. ಒಬ್ಬರ ಬಿಲ್ಲೆಯನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಇಬ್ಬರಿಗೂ ಚಾರ್ಜ್ ಶೀಟ್.

ಹಳೆಯ ನಂಬರುಗಳು ಮೇಲಿನ ಸಾಲಿನಲ್ಲಿ, ಹೊಸಬರದ್ದು ಕೆಳಗೆ. ಮೇಲಿನ ಸಾಲು ನೆಲದಿಂದ ಆರು ಅಡಿ ಒಂದು ಇಂಚು, ಕೆಳಗಿನದು ಮೂರು ಅಡಿ ಒಂದು ಇಂಚು. ಇಷ್ಟು ಸರಿಯಾಗಿ ನೆನಪಿರುವುದೇಕೆಂದರೆ ಆ ವರ್ಷ ನಾನೇ ಟೇಪು ಹಿಡಿದು ಅಳೆದಿದ್ದೆ. ಯಾಕೆ ಅಳೆದೆ ಎನ್ನುವುದೇ ಈ ಕಥೆ.

ನಮ್ಮ ಮೆಷಿನ್ ಶಾಪಿನಲ್ಲಿ ಮುನಿನಂಜಪ್ಪ ಎಂಬ ಕ್ರೇನ್ ಆಪರೇಟರ್ ಇದ್ದರು. ಶೆಟ್ಟಿಹಳ್ಳಿಯವರು, ನನಗಿಂತ ಹನ್ನೆರಡು ವರ್ಷ ದೊಡ್ಡವರು. ಅವರದ್ದು ಮೇಲಿನ ಸಾಲಿನ ಬಿಲ್ಲೆ. ಶೆಡ್ಡಿನ ಮಾಡಿನ ಕೆಳಗೆ ಆ ತುದಿಯಿಂದ ಈ ತುದಿಗೆ ಹಳಿಗಳ ಮೇಲೆ ಓಡಾಡುವ ಕ್ರೇನ್ ಅದು. ಅದರ ಕ್ಯಾಬಿನ್ ಇಪ್ಪತ್ತೆಂಟು ಅಡಿ ಎತ್ತರದಲ್ಲಿ. ಗೋಡೆಗೆ ನೆಟ್ಟಗೆ ಹೊಡೆದ ಕಬ್ಬಿಣದ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು ಹತ್ತಬೇಕು. ಎರಡೂವರೆ ಟನ್ನಿನ ಲೇತ್ ಬೆಡ್ಡನ್ನು, ಅಂದರೆ ಲೇತ್ ಯಂತ್ರದ ಕಬ್ಬಿಣದ ತಳಭಾಗವನ್ನು, ಮುನಿನಂಜಪ್ಪ ಕೆಳಗಿಳಿಸುವಾಗ ಸದ್ದೇ ಆಗುತ್ತಿರಲಿಲ್ಲ. ನಿದ್ದೆ ಹೋದ ಮಗುವನ್ನು ಮಲಗಿಸಿದ ಹಾಗೆ ಇಳಿಸುತ್ತಾರೆ ಎಂದು ಫೋರ್ಮನ್ ಹೇಳುತ್ತಿದ್ದರು. ಮೇಲೆ ಹತ್ತಿದವರು ಬೀಡಿಗೆಂದು ಇಳಿಯುವಂತಿರಲಿಲ್ಲ. ಅದಕ್ಕೇ ಬಲಗೆನ್ನೆಯೊಳಗೆ ಹೊಗೆಸೊಪ್ಪು ಇಟ್ಟುಕೊಳ್ಳುವ ಅಭ್ಯಾಸ. ಹದಿನೆಂಟು ವರ್ಷ ಅದೇ ಕೆನ್ನೆ, ಅದೇ ಜಾಗ.

೧೯೭೯ರಲ್ಲಿ ಆ ಜಾಗದಲ್ಲಿ ಹುಣ್ಣಾಯಿತು. ಕ್ಯಾನ್ಸರ್ ಎಂದರು. ಜುಲೈ ತಿಂಗಳಲ್ಲಿ ಆಪರೇಷನ್ ಮಾಡಿ ಕೆನ್ನೆಯ ಒಳಭಾಗವನ್ನೂ ಬಲಕುತ್ತಿಗೆಯ ಗಂಟುಗಳನ್ನೂ ತೆಗೆದರು. ಆಮೇಲೆ ಆರು ವಾರ ರೇಡಿಯೇಷನ್. ನಮ್ಮ ಜನ ಅದಕ್ಕೆ ಕರೆಂಟು ಕೊಡುವುದು ಎನ್ನುತ್ತಾರೆ. ಜನವರಿಯ ಮೊದಲ ವಾರ ಅವರು ಕೆಲಸಕ್ಕೆ ಮರಳಿದಾಗ ಗೇಟಿನಲ್ಲಿ ನನಗೆ ಗುರುತೇ ಸಿಗಲಿಲ್ಲ. ಬಲಭುಜ ಜೋತುಬಿದ್ದು ಅಂಗಿಯ ಹೆಗಲು ಒಂದು ಕಡೆ ಇಳಿದಿತ್ತು. ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ಜೇಬಿನಲ್ಲಿ ಆರು ತಿಂಗಳ ಲೈಟ್ ಡ್ಯೂಟಿ ಚೀಟಿ.

ಲೈಟ್ ಡ್ಯೂಟಿ ಎಂದರೆ ಹಗುರ ಕೆಲಸ. ನಮ್ಮಲ್ಲಿ ಅದಕ್ಕೊಂದು ಕಟ್ಟುನಿಟ್ಟಿನ ನಿಯಮವಿತ್ತು. ಆರು ತಿಂಗಳು ಮುಗಿದಾಗ ಮೂಲ ಕೆಲಸಕ್ಕೆ ಫಿಟ್ ಎಂದು ಕಾರ್ಖಾನೆಯ ಡಾಕ್ಟರು ಸಹಿ ಮಾಡಬೇಕು. ಮಾಡದಿದ್ದರೆ ಕೆಲಸದಿಂದ ಬಿಡುಗಡೆ. ಮುನಿನಂಜಪ್ಪನವರ ಮೂಲ ಕೆಲಸ ಇದ್ದದ್ದು ಇಪ್ಪತ್ತೆಂಟು ಅಡಿ ಮೇಲೆ. ಬಂದ ದಿನವೇ ಅವರು ನನ್ನ ಕಿಟಕಿಯ ಮುಂದೆ ನಿಂತು ಹೇಳಿದರು:

"ಭದ್ರಣ್ಣ, ಜೂನ್ ಕೊನೆಗೆ ನಾನ್ ಮ್ಯಾಲಿರ್ಬೇಕು. ಮನೇಲ್ ಕೂತ್ಕಂಡ್ರೆ ನನ್ನ ಅರ್ಧ ಸತ್ತೋದೋನು ಅಂತ ಎಲ್ರೂ ನೋಡಾಕ್ ಬತ್ತಾರೆ. ನಂಗದು ಬ್ಯಾಡ."

ನನ್ನ ಹೆಸರು ವೀರಭದ್ರಪ್ಪ. ಭದ್ರಣ್ಣ ಎಂದು ಕರೆಯುತ್ತಿದ್ದರು.

ಶಾಪಿನ ಜನಕ್ಕೆ ಅವರೆಂದರೆ ಪ್ರಾಣ. ಟೂಲ್ ರೂಮಿನ ಪಕ್ಕ, ಫ್ಯಾನಿನ ಕೆಳಗೆ ಒಂದು ಕುರ್ಚಿ ಹಾಕಿ ಅದರ ಮೇಲೆ ಹಳೇ ಕಂಬಳಿ ಮಡಿಸಿ ಕೂರಿಸಿದರು. ನೀರು ಬೇಕೆಂದರೆ ಲೋಟ ಬಾಯಿಯ ಹತ್ತಿರಕ್ಕೇ ಬರುತ್ತಿತ್ತು. ಕ್ರೇನಿನ ಕೊಕ್ಕೆಗೆ ಸರಪಳಿ ಸಿಕ್ಕಿಸುವ ಷಣ್ಮುಗಂ ಹದಿನೈದು ವರ್ಷದಿಂದ ಅವರ ಜೋಡಿ. ಅವನು ದಿನಾ ತನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಅವರನ್ನು ಕೂರಿಸಿಕೊಂಡು ಬಂದು ಹಾಗೆಯೇ ಕರೆದುಕೊಂಡು ಹೋಗುತ್ತಿದ್ದ. ಕೈ ಅಲ್ಲಾಡಿದರೆ ಗಂಟಿನ ಬೇರು ಮತ್ತೆ ಚಿಗುರುತ್ತದೆ ಎಂದು ಯಾರೋ ಹೇಳಿದ್ದರು, ಎಲ್ಲರೂ ನಂಬಿದ್ದರು. ಸುಳ್ಳೇಕೆ ಹೇಳಲಿ, ನಾನೂ ನಂಬಿದ್ದೆ.

ಎರಡನೇ ವಾರದಲ್ಲಿ ಒಂದು ಬೆಳಿಗ್ಗೆ ಷಣ್ಮುಗಂ ಎರಡು ಬಿಲ್ಲೆ ತೆಗೆದು ಪೆಟ್ಟಿಗೆಗೆ ಹಾಕಿದ್ದು ನನ್ನ ಕಣ್ಣಿಗೆ ಬಿತ್ತು. ಇಬ್ಬರನ್ನೂ ಕಿಟಕಿಗೆ ಕರೆದೆ.

"ಷಣ್ಮುಗಂ, ಇದು ಚಾರ್ಜ್ ಶೀಟ್ ಕೇಸ್ ಐತಿ ಗೊತ್ತೈತೇನಪಾ? ಅವರ ಬಿಲ್ಲೆ ನೀ ಯಾಕ ಮುಟ್ಟಿದಿ?"

"ಅಯ್ಯೋ ಸಾರ್, ಕೈ ಮೇಲೆ ಬರಲ್ಲ ಸಾರ್ ಅವ್ರಿಗೆ. ಎಡಗೈಲಿ ತಗೋ ಮಚ್ಚಾ ಅಂದ್ರೆ ನಂಗೇ ಹೊಡಿಯಕ್ಕೆ ಬರ್ತಾರೆ."

ಮುನಿನಂಜಪ್ಪನವರಿಗೆ ಸಿಟ್ಟು ಬಂತು. "ಅನ್ನ ಕೊಡೋ ಬಿಲ್ಲೆ ಕಣ್ರೀ ಅದು. ಎಡಗೈಲಿ ಎತ್ಕಳಾಕಾಯ್ತದಾ?"

ಇದು ಹೊರಗಿನವರಿಗೆ ವಿಚಿತ್ರ ಎನಿಸಬಹುದು. ನಮ್ಮಲ್ಲಿ ಅದೊಂದು ನಡವಳಿಕೆಯೇ ಆಗಿತ್ತು. ಬಿಲ್ಲೆಯನ್ನು ಬಲಗೈಯಲ್ಲಿ ತೆಗೆದು, ಕಣ್ಣಿಗೆ ಒತ್ತಿಕೊಂಡು, ಆಮೇಲೆ ಪೆಟ್ಟಿಗೆಗೆ ಬಿಡಬೇಕು. ಎಡಗೈಯಲ್ಲಿ ತೆಗೆದವರನ್ನು ನಾನು ನೋಡಿಯೇ ಇರಲಿಲ್ಲ. ಎಲ್ಲಿ, ಒಮ್ಮೆ ಬಲಗೈಯಲ್ಲಿ ಪ್ರಯತ್ನ ಮಾಡಿ ಎಂದೆ. ಅವರು ತುದಿಗಾಲಲ್ಲಿ ನಿಂತರು, ಬೆನ್ನು ಹಿಂದಕ್ಕೆ ಬಾಗಿಸಿದರು, ಇಡೀ ಮೈಯನ್ನು ಮೇಲಕ್ಕೆಸೆದ ಹಾಗೆ ಮಾಡಿದರು. ಕೈ ಎದೆಯ ಮಟ್ಟ ದಾಟಲಿಲ್ಲ. ಹಣೆಯ ಮೇಲೆ ಬೆವರು ಸಾಲುಗಟ್ಟಿತು. ನೋಡಲಾಗದೆ ನಾನು ಮುಖ ತಿರುಗಿಸಿದೆ.

ಅವತ್ತು ಮಧ್ಯಾಹ್ನ ನಾನು ಒಂದು ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ. ಅವರ ಬಿಲ್ಲೆಯನ್ನು ಮೇಲಿನ ಸಾಲಿನಿಂದ ತೆಗೆದು ಎಲ್ಲಕ್ಕಿಂತ ಕೆಳಗಿನ ಸಾಲಿನ ಖಾಲಿ ಕೊಕ್ಕೆಗೆ ಹಾಕಿದೆ. ಸೊಂಟದ ಎತ್ತರ, ಕೈ ಎತ್ತುವ ಪ್ರಮೇಯವೇ ಇಲ್ಲ. ನಿಯಮವೂ ಉಳಿಯಿತು, ಮನುಷ್ಯನೂ ಉಳಿದ. ನನ್ನ ಬುದ್ಧಿವಂತಿಕೆಯನ್ನು ನಾನೇ ಮೆಚ್ಚಿಕೊಂಡೆ. ಮರುದಿನ ಮುನಿನಂಜಪ್ಪ ಬಗ್ಗಿ ಬಿಲ್ಲೆ ತೆಗೆದು ಕಣ್ಣಿಗೆ ಒತ್ತಿಕೊಂಡರು. ನನಗೆ ಕೈ ಮುಗಿದರು. ಮೇಲಿನ ಸಾಲಿನ ಖಾಲಿ ಕೊಕ್ಕೆಯನ್ನು ಒಂದು ಗಳಿಗೆ ನೋಡಿ ಒಳಗೆ ಹೋದರು.

ಎರಡು ತಿಂಗಳು ಹೀಗೇ ನಡೆಯಿತು. ಮಾರ್ಚ್ ಮಧ್ಯದಲ್ಲಿ ಲೈಟ್ ಡ್ಯೂಟಿಯವರ ತಪಾಸಣೆ ಬಂತು. ಆ ರಿಜಿಸ್ಟರಿಗೆ ಟೈಮ್ ಕೀಪರನ ಸಹಿಯೂ ಬೇಕಾಗಿತ್ತು, ಹಾಗಾಗಿ ನಾನೇ ಪುಸ್ತಕ ಹಿಡಿದು ಡಿಸ್ಪೆನ್ಸರಿಗೆ ಹೋದೆ. ಡಾಕ್ಟರ್ ಸರೋಜಿನಿಯವರು ಕೋನ ಅಳೆಯುವ ಪಟ್ಟಿಯನ್ನು ಮುನಿನಂಜಪ್ಪನವರ ಭುಜಕ್ಕೆ ಹಿಡಿದು ನೋಡಿದರು, ಮತ್ತೊಮ್ಮೆ ನೋಡಿದರು.

"ಜನವರೀಲಿ ಎಪ್ಪತ್ತು ಡಿಗ್ರಿ ಬರ್ತಿತ್ತು. ಈಗ ಐವತ್ತು. ಏನ್ರೀ ಮಾಡಿದ್ರಿ ಎರಡು ತಿಂಗಳು?"

"ಏನೂ ಮಾಡಿಲ್ಲ ಡಾಕ್ಟ್ರಮ್ಮ," ಎಂದರು ಅವರು ಹೆಮ್ಮೆಯಿಂದ. "ಒಂದು ಲೋಟ ಸೈತ ಎತ್ತಿಲ್ಲ. ಭದ್ರಣ್ಣನೋರು ಬಿಲ್ಲೇನೂ ಕೆಳ್ಗೇ ಮಡಗವ್ರೆ, ಕೈಗೆ ತ್ರಾಸಾಗ್ಬಾರ್ದು ಅಂತ."

ಡಾಕ್ಟರು ನನ್ನ ಕಡೆ ತಿರುಗಿದರು. ನಾನು ನಗುತ್ತಿದ್ದೆ. ಹೊಗಳುತ್ತಾರೆ ಎಂದುಕೊಂಡಿದ್ದೆ.

"ನೀವಾ? ಅಲ್ರೀ, ಆಪರೇಷನ್ ಮಾಡಿದೋರು ಉಳಿಸಿದ ಕೈನ ನೀವೆಲ್ಲ ಸೇರ್ಕೊಂಡು ಕಟ್ಟಿ ಹಾಕ್ತಿದೀರಲ್ರೀ!"

ಆಮೇಲೆ ಅವರು ಸಮಾಧಾನದಿಂದ ಬಿಡಿಸಿ ಹೇಳಿದರು. ಕುತ್ತಿಗೆಯಿಂದ ಭುಜಕ್ಕೆ ಬರುವ ಒಂದು ನರ ಇದೆ. ಹೆಗಲನ್ನು ಎತ್ತಿ ಹಿಡಿಯುವ ಸ್ನಾಯುವಿಗೆ ಅಪ್ಪಣೆ ಕೊಡುವುದು ಅದೇ. ಗಂಟು ತೆಗೆಯುವಾಗ ಆ ನರವನ್ನು ಕಡಿಯದೆ ಉಳಿಸಿದ್ದಾರೆ, ಆದರೆ ಅದಕ್ಕೆ ಪೆಟ್ಟಾಗಿ ಮಂಪರಿನಲ್ಲಿದೆ. ಅದು ಎಚ್ಚರಾಗಲು ಕೆಲವು ತಿಂಗಳು, ಕೆಲವರಿಗೆ ಒಂದು ವರ್ಷ ಬೇಕು. ಅಷ್ಟರವರೆಗೆ ಭುಜದ ಕೀಲನ್ನು ಆಡಿಸುತ್ತಲೇ ಇರಬೇಕು. ಇಲ್ಲದಿದ್ದರೆ ಕೀಲು ಬಿಗಿದುಕೊಂಡುಬಿಡುತ್ತದೆ. ಆಮೇಲೆ ನರ ಎಚ್ಚರಾದರೂ ಕೈ ಏಳುವುದಿಲ್ಲ.

"ಆಸ್ಪತ್ರೆಯಿಂದ ಬಿಡುವಾಗ ಒಂದು ಹಾಳೆ ಕೊಟ್ಟಿರ್ತಾರಲ್ಲ, ವ್ಯಾಯಾಮದ್ದು? ಎಲ್ಲಿದೆ ಅದು?"

"ಮನೆಲೈತೆ. ದೇವ್ರ ಮುಂದೆ ಮಡಗಿವ್ನಿ. ಇಂಗ್ಲೀಸು."

"ತನ್ನಿ ಅದನ್ನ. ಜೂನ್ ಕೊನೇಲಿ ಏಣಿ ಹತ್ತಿಸಿ ನೋಡ್ತೀನಿ. ಹತ್ತಿದ್ರೆ ಸಹಿ, ಇಲ್ಲಾಂದ್ರೆ ಇಲ್ಲ. ಸುಳ್ಳು ಸಹಿ ನಾನು ಹಾಕಲ್ಲ, ಮೇಲಿಂದ ಕೈ ಜಾರಿದ್ರೆ ಪ್ರಾಣ ಹೋಗೋದು ನಿಮ್ದೇ." ನನಗೂ ಒಂದು ಮಾತು ಹೇಳಿದರು. "ವೀರಭದ್ರಪ್ಪನವರೇ, ಆ ಟೋಕನ್ನ ಮೇಲಕ್ಕೆ ತಗೊಂಡು ಹೋಗಿ. ಒಂದೇ ಸಲಕ್ಕಲ್ಲ. ಒಂದು ಸಾಲಲ್ಲಿ ಸಲೀಸಾಗಿ ಸಿಕ್ಕಿದ್ಮೇಲೆ ಮುಂದಿನ ಸಾಲು. ಎಡಗೈಲಿ ತಗೊಳ್ಳಲ್ಲ ಅಂತಾರಲ್ಲ, ಒಳ್ಳೇದೇ ಆಯ್ತು."

ನಾನು ಟೇಪು ತಂದು ಹಲಗೆ ಅಳೆದದ್ದು ಅವತ್ತು. ಸಾಲಿನಿಂದ ಸಾಲಿಗೆ ನಾಲ್ಕು ಇಂಚು. ಕೆಳಗಿನಿಂದ ಮೇಲಕ್ಕೆ ಒಂಬತ್ತು ಮೆಟ್ಟಿಲು, ಕೈಯಲ್ಲಿ ಹದಿನೈದು ವಾರ. ಮೂರು ದಿನ ಸತತವಾಗಿ ತೊಂದರೆಯಿಲ್ಲದೆ ತೆಗೆದರೆ ಒಂದು ಸಾಲು ಮೇಲಕ್ಕೆ ಎಂದು ಲೆಕ್ಕ ಹಾಕಿಕೊಂಡೆ.

ಎರಡನೇ ಸಾಲು, ಮೂರನೇ ಸಾಲು ಹೇಗೋ ಆದವು. ಆದರೆ ಶಾಪಿನಲ್ಲಿ ನನ್ನ ಹೆಸರು ಕೆಟ್ಟಿತು. ನಾನು ಕ್ಯಾಂಟೀನಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಹುಬ್ಬಳ್ಳಿ ಸಾಹೇಬರು ಬಂದರು, ಬಿಲ್ಲೆಗಳನ್ನು ಮಾಡಿಗೆ ನೇತುಹಾಕುತ್ತಾರೆ, ಹುಷಾರು ಎಂದು ಯಾರೋ ಹಿಂದಿನಿಂದ ಕೂಗಿದರು. ಷಣ್ಮುಗಂ ಮುಖಕ್ಕೇ ಹೇಳಿದ: "ಸಾಯೋ ಕಾಯಿಲೆಯಿಂದ ಎದ್ದು ಬಂದವ್ರು ಸಾರ್. ಅವ್ರ ಜೊತೆ ಆಟ ಆಡ್ತೀರಾ? ಹೊಟ್ಟೇಲಿ ಏನಿಟ್ಕೊಂಡಿದೀರಾ ನೀವು?" ಡಾಕ್ಟರ ಮಾತು ಎಂದೆ. ಡಾಕ್ಟರಿಗೇನು, ನೋವು ಅವರಿಗಾ ಎಂದ.

ಏಪ್ರಿಲ್ ಮಧ್ಯಕ್ಕೆ ಬಿಲ್ಲೆ ಐದನೇ ಸಾಲಿಗೆ ಬಂತು, ಅಲ್ಲೇ ನಿಂತಿತು. ಅದು ಸರಿಯಾಗಿ ಅವರ ಭುಜದ ಮಟ್ಟ. ಒಂದು ದಿನ ಸಿಕ್ಕರೆ ಮೂರು ದಿನ ಇಲ್ಲ. ದಿನಕ್ಕೊಂದು ಸಲ ಬಿಲ್ಲೆಗೆ ಕೈ ಚಾಚಿ ಉಳಿದ ಹೊತ್ತೆಲ್ಲ ಕುರ್ಚಿಯಲ್ಲಿ ಕೂತರೆ ಕೀಲು ಸಡಿಲವಾಗುವುದು ಹೇಗೆ? ಆಸ್ಪತ್ರೆಯ ಹಾಳೆಯನ್ನು ಅವರು ತರಲೇ ಇಲ್ಲ. ಕೇಳಿದರೆ ನಾಳೆ ಎನ್ನುತ್ತಿದ್ದರು. ಮನೆಯಲ್ಲಿ ಹೆಂಡತಿ ಕೈ ಆಡಿಸಲು ಬಿಡುವುದಿಲ್ಲ ಎಂದು ಆಮೇಲೆ ತಿಳಿಯಿತು.

ಏಪ್ರಿಲ್ ಕೊನೆಯ ಒಂದು ಗುರುವಾರ. ಸೈರನ್ ಆಯಿತು. ಅವರು ಹಲಗೆಯ ಮುಂದೆ ನಿಂತೇ ಇದ್ದರು. ಹಿಂದಿನವರಿಗೆ ದಾರಿ ಬಿಡಲು ಪಕ್ಕಕ್ಕೆ ಸರಿಯುತ್ತಾರೆ, ಮತ್ತೆ ಬಂದು ಕೈ ಚಾಚುತ್ತಾರೆ. ಬೆರಳ ತುದಿ ಬಿಲ್ಲೆಗೆ ತಾಗಿ ಬಿಲ್ಲೆ ತೂಗಾಡುತ್ತದೆ, ಕೊಕ್ಕೆ ಬಿಟ್ಟು ಬರುವುದಿಲ್ಲ. ಏಳೂ ಮೂವತ್ತೈದಾಯಿತು. ಬೀಗ ನನ್ನ ಕೈಯಲ್ಲಿತ್ತು. ಒಂದು ನಿಮಿಷ ತಡೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಅವತ್ತಿಗೆ ಹಾಗೆ ಮಾಡಿದರೆ ಮರುದಿನ ಎರಡು ನಿಮಿಷ, ಆಮೇಲೆ ಬಿಲ್ಲೆ ಮತ್ತೆ ಕೆಳಗೆ. ಬೀಗ ಹಾಕಿದೆ. ರಿಜಿಸ್ಟರಿನಲ್ಲಿ ಲೇಟ್ ಎಂದು ಬರೆದೆ. ಮುನಿನಂಜಪ್ಪ ಒಳಗೆ ಹೋದರು.

ಶುಕ್ರವಾರ ಅವರು ಬರಲಿಲ್ಲ. ಶನಿವಾರವೂ ಇಲ್ಲ. ಷಣ್ಮುಗಂ ಒಬ್ಬನೇ ಸೈಕಲ್ ತಳ್ಳಿಕೊಂಡು ಬಂದ, ನನ್ನ ಕಡೆ ನೋಡಲೂ ಇಲ್ಲ. ಭಾನುವಾರ ಬೆಳಿಗ್ಗೆ ಶೆಟ್ಟಿಹಳ್ಳಿಗೆ ಹೋದೆ.

ಅವರ ಹೆಂಡತಿ ಗಂಗಮ್ಮ ಬಾಗಿಲಲ್ಲೇ ತಡೆದರು.

"ಏನಣ್ಣ, ಇನ್ನೂ ಏನ್ ಬಾಕಿ ಐತೆ ಅಂತ ಬಂದ್ರಿ? ಆಪರೇಸನ್ ಆದ ಕೈಯ ಎಳುದ್ ಎಳುದ್ ಸಾಯ್ಸಾಕಾ?"

"ಹಂಗಲ್ರಿ ಅಕ್ಕಾರ, ನಾ ಬಂದಿದ್ದು..."

"ಇಂಗೆ ಬಿಲ್ಲೆ ಮ್ಯಾಲ್ಮ್ಯಾಕೆ ಕಟ್ಟಿ ಕುಣ್ಸಾಕೆ ಅವ್ರೇನು ಕೋತೀನಾ?"

ಒಳಗಿನಿಂದ ಮುನಿನಂಜಪ್ಪನವರ ದನಿ ಬಂತು. "ಒಳೀಕ್ ಬುಡು ಅವ್ರ್ನ." ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಎದ್ದು ಕೂರಲಿಲ್ಲ. "ನನ್ ಕೈಲಾಗಾಕಿಲ್ಲ ಭದ್ರಣ್ಣ. ಬಿಲ್ಲೆ ಕೆಳ್ಗೇ ಮಡಗ್ಬುಡಿ. ಇನ್ನೆಲ್ಡು ತಿಂಗ್ಳು ಆ ಕುರ್ಚಿ ಮ್ಯಾಲ್ ಕೂತಿದ್ದು ಮನೆಗ್ ಬತ್ತೀನಿ. ಅಷ್ಟೇಯಾ."

ಆಸ್ಪತ್ರೆಯ ಹಾಳೆ ಒಮ್ಮೆ ನೋಡಬಹುದೇ ಎಂದು ಕೇಳಿದೆ. ಗಂಗಮ್ಮ ಮುಖ ಗಂಟಿಕ್ಕಿಕೊಂಡೇ ದೇವರ ಪಟದ ಹಿಂದಿನಿಂದ ಅದನ್ನು ತೆಗೆದು ಕೊಟ್ಟರು. ನಾಲ್ಕು ಮಡಿಕೆಯ ಹಾಳೆ, ಮೂಲೆಯಲ್ಲಿ ಅರಿಶಿನ ಕುಂಕುಮ, ಮೇಲೆ ಹೊಗೆಯ ಕಂದು ಬಣ್ಣ. ಟೈಪ್ ಮಾಡಿದ ಎಂಟು ಸಾಲು ಇಂಗ್ಲಿಷ್. ನಾನು ರಾತ್ರಿ ಶಾಲೆಯಲ್ಲಿ ಕಲಿತ ಇಂಗ್ಲಿಷನ್ನು ಅದುವರೆಗೆ ಯಾರ ಮನೆಯಲ್ಲೂ ಜೋರಾಗಿ ಓದಿರಲಿಲ್ಲ. ಒಂದೊಂದೇ ಶಬ್ದ ಬಿಡಿಸಿ, ಕನ್ನಡ ಮಾಡಿ ಹೇಳತೊಡಗಿದೆ.

ಒಂದು, ಮುಂದಕ್ಕೆ ಬಗ್ಗಿ ಕೈಯನ್ನು ಬಾವಿಯ ಹಗ್ಗದಂತೆ ಜೋತುಬಿಟ್ಟು ತೂಗಬೇಕು. ಎರಡು, ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತಾ ಮೇಲಕ್ಕೆ ಹೋಗಬೇಕು, ಮುಟ್ಟಿದ ಜಾಗಕ್ಕೆ ಗುರುತು ಹಾಕಿ ಮರುದಿನ ಅದನ್ನು ದಾಟಲು ನೋಡಬೇಕು. ಮೂರು, ಹಲ್ಲುಗಳ ನಡುವೆ ತೆಳುವಾದ ಮರದ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು ಬಾಯಿ ತೆರೆಯುವ ಅಭ್ಯಾಸ. ಆರನೆಯದರಲ್ಲಿ ನನಗೆ ಗೊತ್ತಿಲ್ಲದ ಒಂದು ಶಬ್ದವಿತ್ತು, ನಾಳೆ ಡಾಕ್ಟರನ್ನು ಕೇಳಿ ಹೇಳುತ್ತೇನೆ ಎಂದೆ. ಎಂಟನೆಯದು, ದಿನಾ ನಡೆಯಬೇಕು. ಮೊದಲು ಹತ್ತು ನಿಮಿಷ, ಹೆಚ್ಚಿಸುತ್ತಾ ಮುಕ್ಕಾಲು ಗಂಟೆ. ಕರೆಂಟು ಕೊಟ್ಟ ಮೇಲೆ ಬರುವ ಸುಸ್ತು ಮಲಗಿದರೆ ಹೋಗುವುದಿಲ್ಲ, ನಡೆದರೆ ಕಡಿಮೆಯಾಗುತ್ತದೆ ಎಂದು ಅದರಲ್ಲೇ ಬರೆದಿತ್ತು.

ಗಂಗಮ್ಮ ನೆಲದ ಮೇಲೆ ಕೂತುಬಿಟ್ಟರು.

"ಇದರಾಗೆ ಇಂಗ್ ಬರ್ದಿತ್ತಾ? ಕೈ ಆಡ್ಸು ಅಂತ ಆಸ್ಪತ್ರೆಯೋರೇ ಬರ್ದವ್ರಾ?"

"ಹೌದ್ರಿ."

"ಅಯ್ಯೋ ನನ್ ಬುದ್ಧಿಗಿಷ್ಟು! ಏಳು ತಿಂಗ್ಳಿಂದ ಇದಕ್ಕೆ ದಿನಾ ಊದಗಡ್ಡಿ ಅಚ್ಚಿವ್ನಲ್ಲಣ್ಣ!"

ಮಲಗಿದ್ದ ಮುನಿನಂಜಪ್ಪ ನಕ್ಕುಬಿಟ್ಟರು. ಒಂದು ಬೆರಳಿನಷ್ಟು ತೆರೆಯುವ ಬಾಯಿಯಲ್ಲಿ ನಗು ಹೊರಬರಲು ಜಾಗ ಸಾಲದೆ ಮೂಗಿನಿಂದ ಬಂತು. ಗಂಗಮ್ಮ ಮೊದಲು ಬೈದರು, ಆಮೇಲೆ ಅವರೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಾನು ಹಾಳೆಯ ಹಿಂಬದಿಯಲ್ಲಿ ಉಳಿದ ಏಳನ್ನೂ ಕನ್ನಡದಲ್ಲಿ ಬರೆದು, ಆರನೆಯದಕ್ಕೆ ಜಾಗ ಬಿಟ್ಟು ಬಂದೆ.

ಆ ಆರನೆಯದನ್ನು ಡಾಕ್ಟರು ಮರುದಿನ ಮಾಡಿ ತೋರಿಸಿದರು. ಯಾರಾದರೂ ಏನಾದರೂ ಕೇಳಿದಾಗ ನನಗೆ ಗೊತ್ತಿಲ್ಲಪ್ಪ ಎಂದು ಎರಡೂ ಹೆಗಲು ಹಾರಿಸುತ್ತೇವಲ್ಲ, ಅದು. ಕನ್ನಡಿಯ ಮುಂದೆ ನಿಂತು ದಿನಕ್ಕೆ ಮೂರು ಹೊತ್ತು ಮಾಡಬೇಕು. ನೋವು ತಡೆಯುವಷ್ಟಿರಬೇಕು, ಮೀರಿದರೆ ನಿಲ್ಲಿಸಬೇಕು.

ಅಲ್ಲಿಂದ ನನ್ನ ಕೆಲಸ ಹಗುರಾಯಿತು, ಏಕೆಂದರೆ ಗಂಗಮ್ಮ ನನಗಿಂತ ಬಿಗಿಯಾದ ಟೈಮ್ ಕೀಪರ್ ಆದರು. ಹಟ್ಟಿಯ ಗೋಡೆಗೆ ಸುಣ್ಣ ಬಳಿದು, ಗಂಡನ ಬೆರಳು ಮುಟ್ಟಿದಲ್ಲಿ ಇದ್ದಿಲಿನ ಗೀಟು ಎಳೆಯತೊಡಗಿದರು. ನಿನ್ನೆಯ ಗೀಟು ಮುಟ್ಟದೆ ಮುದ್ದೆ ಇಲ್ಲ. ಬಾಯಿಗೆಂದು ಐಸ್‌ಕ್ಯಾಂಡಿ ಕಡ್ಡಿಗಳನ್ನು ತರಿಸಿ, ಕುದಿಸಿ, ಡಬ್ಬಿಯಲ್ಲಿ ಹಾಕಿಟ್ಟಿದ್ದರು. ಆರು ಕಡ್ಡಿಯಿಂದ ಶುರು, ವಾರಕ್ಕೊಂದು ಹೆಚ್ಚು.

ಮತ್ತೆ ಲೇಟಾಗಬಾರದೆಂದು ಮುನಿನಂಜಪ್ಪ ಅರ್ಧ ಗಂಟೆ ಮುಂಚೆ ಬಂದು ಹಲಗೆಯ ಮುಂದೆ ನಿಲ್ಲತೊಡಗಿದರು. ಮುಂಚೆ ಹೊರಡುವುದೇ ಆದರೆ ನಡೆದೇ ಬರಬಹುದಲ್ಲ ಎಂದು ಸೈಕಲ್ ಕ್ಯಾರಿಯರ್ ಬಿಟ್ಟರು. ಮನೆಯಿಂದ ಗೇಟಿಗೆ ಮೂರು ಕಿಲೋಮೀಟರು. ಮೊದಲ ವಾರ ಅರ್ಧ ದಾರಿ ನಡೆದು ಮೋರಿ ಕಟ್ಟೆಯ ಮೇಲೆ ಕೂರುವುದು, ಉಳಿದರ್ಧ ಕ್ಯಾರಿಯರ್. ಮೇ ಮಧ್ಯದ ಹೊತ್ತಿಗೆ ಪೂರ್ತಿ ದಾರಿ, ಒಂದು ಗಂಟೆ ಹತ್ತು ನಿಮಿಷ. ಜೂನಿನಲ್ಲಿ ನಲವತ್ತು ನಿಮಿಷಕ್ಕೆ ಇಳಿಯಿತು. ಷಣ್ಮುಗಂ ಪಕ್ಕದಲ್ಲಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. "ಇವ್ರಿಂದ ನಂಗೂ ಹೊಟ್ಟೆ ಕರಗೋಯ್ತು ಸಾರ್," ಎಂದು ಒಂದು ದಿನ ಅವನಾಗಿಯೇ ನನ್ನ ಜೊತೆ ಮಾತಾಡಿದ. ಮುನಿನಂಜಪ್ಪನವರಿಗೆ ಹಸಿವು ಹುಟ್ಟಿತು, ನಿದ್ದೆ ಬಂತು, ಮಧ್ಯಾಹ್ನ ಕುರ್ಚಿಯಲ್ಲಿ ತೂಕಡಿಸುವುದು ನಿಂತಿತು. ಆಮೇಲೆ ಕುರ್ಚಿಯೇ ನಿಂತಿತು. ಟೂಲ್ ರೂಮಿನಲ್ಲಿ ಸ್ಪ್ಯಾನರುಗಳನ್ನು ಒರೆಸಿ ನೇತುಹಾಕುವ ಕೆಲಸ ಕೇಳಿ ತೆಗೆದುಕೊಂಡರು.

ಐದನೇ ಸಾಲು ದಾಟಿತು. ಆರನೆಯದು ನಿಧಾನವಾಗಿ ದಾಟಿತು. ಭುಜ ಮಾತ್ರ ಹಾಗೇ ಜೋತುಬಿದ್ದಿತ್ತು. ನರ ಎಚ್ಚರಾಗಿರಲಿಲ್ಲ. ಆಗದೆಯೂ ಇರಬಹುದು ಎಂದು ಡಾಕ್ಟರು ನನಗೊಬ್ಬನಿಗೇ ಹೇಳಿದ್ದರು. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಮೇ ಕೊನೆಯಲ್ಲಿ ಒಂದು ಬೆಳಿಗ್ಗೆ ಅವರು ಕಿಟಕಿಯ ಹತ್ತಿರ ಬಂದು ಅಂಗಿಯ ಗುಂಡಿ ಬಿಚ್ಚಿ ಹೆಗಲು ತೋರಿಸಿದರು.

"ಭದ್ರಣ್ಣ, ಕಣ್ಬುಟ್ ನೋಡಿ."

ನೋಡಿದೆ. ಎರಡೂ ಹೆಗಲನ್ನು ಹಾರಿಸಿದರು. ಎಡಗಡೆಯದು ಮೇಲೆ ಹೋಯಿತು. ಬಲಗಡೆಯದು ಹೋಗಲಿಲ್ಲ, ಆದರೆ ಚರ್ಮದ ಕೆಳಗೆ ದಾರದಂಥದೊಂದು ಬಿಗಿಯಿತು. ಮತ್ತೊಮ್ಮೆ ಮಾಡಿದರು. ಮತ್ತೆ ಬಿಗಿಯಿತು. ಡಾಕ್ಟರು ಬೆರಳಿಟ್ಟು ಒತ್ತಿ ನೋಡಿ, ಎಚ್ಚರಾಗ್ತಿದೆ ಕಣ್ರೀ, ಎಂದಷ್ಟೇ ಹೇಳಿ ಕನ್ನಡಕ ತೆಗೆದು ಒರೆಸಿಕೊಂಡರು.

ಆಮೇಲಿನ ಸಾಲುಗಳು ಬೇಗ ಬೇಗ ಆದವು. ಜೂನ್ ಇಪ್ಪತ್ತರ ಆಸುಪಾಸು ಬಿಲ್ಲೆಯನ್ನು ಅದರ ಹಳೆಯ ಜಾಗಕ್ಕೆ, ಮೇಲಿನ ಸಾಲಿಗೆ ಹಾಕಿದೆ. ಅವತ್ತು ಹಲಗೆಯ ಮುಂದೆ ಮೂವತ್ತು ನಲವತ್ತು ಜನ ಒಳಗೆ ಹೋಗದೆ ನಿಂತಿದ್ದರು. ಅವರು ತುದಿಗಾಲಲ್ಲಿ ನಿಂತು ಕೈ ಎತ್ತಿದರು. ಎರಡು ಸಲ ಜಾರಿತು, ಮೂರನೇ ಸಲ ಬಿಲ್ಲೆ ಬೆರಳುಗಳ ನಡುವೆ ಬಂತು. ಕಣ್ಣಿಗೆ ಒತ್ತಿಕೊಳ್ಳುವುದನ್ನು ಮರೆತು ಹಾಗೇ ಪೆಟ್ಟಿಗೆಗೆ ಹಾಕಿಬಿಟ್ಟರು.

ಆದರೆ ಬಿಲ್ಲೆ ತೆಗೆಯುವುದೇ ಬೇರೆ, ಏಣಿಯೇ ಬೇರೆ. ಏಣಿಯಲ್ಲಿ ಕೈ ಮೈಭಾರ ಹೊರಬೇಕು. ಜೂನ್ ಕೊನೆಯ ದಿನ ಸೋಮವಾರ, ಹತ್ತು ಗಂಟೆಗೆ ಪರೀಕ್ಷೆ. ಏಣಿಯ ಬುಡದಲ್ಲಿ ಡಾಕ್ಟರು, ಫೋರ್ಮನ್, ರಿಜಿಸ್ಟರ್ ಹಿಡಿದ ನಾನು. ಮುನಿನಂಜಪ್ಪನವರ ಸೊಂಟಕ್ಕೆ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ಮೇಲಿನ ತೊಲೆಯ ಮೇಲಿಂದ ಹಾಯಿಸಿ ಷಣ್ಮುಗಂ ಹಿಡಿದಿದ್ದ. ಶಾಪಿನ ಲೇತುಗಳು ಒಂದೊಂದಾಗಿ ನಿಂತವು. ಫೋರ್ಮನ್ ಬೈಯಲಿಲ್ಲ.

ಹದಿನಾಲ್ಕು ಮೆಟ್ಟಿಲು ಒಂದೇ ಸಮ ಹತ್ತಿದರು. ಹದಿನೈದರಲ್ಲಿ ನಿಂತರು. ಬಲಗೈ ನಡುಗುತ್ತಿರುವುದು ಕೆಳಗಿನಿಂದ ಕಾಣುತ್ತಿತ್ತು. ಡಾಕ್ಟರು, ಸಾಕು ಇಳೀರಿ ಎನ್ನಲು ಬಾಯಿ ತೆರೆದಿದ್ದರು.

"ಏನ್ ಮಚ್ಚಾ," ಷಣ್ಮುಗಂ ಕೂಗಿದ, "ಅಲ್ಲೇ ಮನೆ ಕಟ್ತೀಯಾ? ಸೈಟ್ ಬೇಕಾ?"

"ಉಸ್ರು ತಕ್ಕೊತಾ ಇವ್ನಿ ಕಣ್ಲಾ. ಹಗ್ಗ ಎಳೀಬ್ಯಾಡ, ಕಚಗುಳಿ ಆಯ್ತದೆ."

ಮತ್ತೆ ಹತ್ತಿದರು. ಎಡಗೈ, ಬಲಗೈ, ಎಡಗೈ, ಬಲಗೈ. ಕ್ಯಾಬಿನ್ನಿನ ಬಾಗಿಲು ಧಡ್ ಎಂದಿತು. ಆಮೇಲೆ ಕ್ರೇನಿನ ಗಂಟೆ ಹೊಡೆಯಿತು. ಒಂದು ವರ್ಷದಿಂದ ಬೇರೆಯವರು ಬಾರಿಸುತ್ತಿದ್ದ ಗಂಟೆಯೇ, ಆದರೆ ಇವರು ಮೂರು ಸಲ ಬಿಟ್ಟು ಬಿಟ್ಟು ಹೊಡೆಯುವ ರೀತಿ ಎಲ್ಲರಿಗೂ ಗೊತ್ತಿತ್ತು. ಷಣ್ಮುಗಂ ಲೇತ್ ಬೆಡ್ಡಿಗೆ ಸರಪಳಿ ಸಿಕ್ಕಿಸಿ ಕೈ ತೋರಿಸಿದ. ಅದು ಎದ್ದಿತು, ಶೆಡ್ಡಿನ ಉದ್ದಕ್ಕೂ ಸಾಗಿತು, ನಾಲ್ಕು ಮರದ ದಿಮ್ಮಿಗಳ ಮೇಲೆ ಇಳಿದು ಕೂತಿತು. ಸದ್ದಾಗಲಿಲ್ಲ.

"ಸರಿ, ಇಳಿದು ಬನ್ನಿ," ಡಾಕ್ಟರು ಕೂಗಿದರು. "ಸಹಿ ಹಾಕ್ತೀನಿ."

ಕ್ಯಾಬಿನ್ನಿನ ಕಿಟಕಿಯಿಂದ ತಲೆ ಹೊರಗೆ ಬಂತು. "ನೀವ್ ಸೈನ್ ಆಕ್ಕೊಂಡ್ ಒಂಟೋಗಿ ಡಾಕ್ಟ್ರಮ್ಮ. ನಾನ್ ಇಳ್ಯಾಕಿಲ್ಲ. ಸಿಫ್ಟು ಮುಗಿಲಿ."

ಇಡೀ ಶಾಪು ನಕ್ಕಿತು. ಡಾಕ್ಟರೂ ನಕ್ಕರು, ನನ್ನ ಬೆನ್ನಿನ ಮೇಲೆ ರಿಜಿಸ್ಟರ್ ಇಟ್ಟುಕೊಂಡೇ ಫಿಟ್ ಎಂದು ಬರೆದು ಸಹಿ ಮಾಡಿದರು. ಪೆನ್ನು ಬೆನ್ನಿಗೆ ಚುಚ್ಚಿದ್ದು ಇವತ್ತಿಗೂ ನೆನಪಿದೆ. ಮುನಿನಂಜಪ್ಪ ನಿಜವಾಗಿಯೂ ಇಳಿಯಲಿಲ್ಲ. ಮಧ್ಯಾಹ್ನದ ಊಟದ ಕ್ಯಾರಿಯರನ್ನು ಷಣ್ಮುಗಂ ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸಿದ.

ಮುನಿನಂಜಪ್ಪ ಮತ್ತೆ ಎಂಟು ವರ್ಷ ಕ್ರೇನ್ ನಡೆಸಿ ೧೯೮೮ರಲ್ಲಿ ನಿವೃತ್ತರಾದರು. ಹೊಗೆಸೊಪ್ಪು ಮುಟ್ಟಲಿಲ್ಲ, ತಪಾಸಣೆ ತಪ್ಪಿಸಲಿಲ್ಲ. ಬಲಗೈ ಪಕ್ಕಕ್ಕೆ ಪೂರ್ತಿ ಎಂದೂ ಏಳಲಿಲ್ಲ, ಬಾಯಿ ಎರಡೂವರೆ ಬೆರಳಿಗಿಂತ ಹೆಚ್ಚು ತೆರೆಯಲಿಲ್ಲ. ಅಷ್ಟು ಅವರಿಗೆ ಸಾಕಾಗಿತ್ತು. ನಾನು ಹೇಳಿದ್ದು ಒಬ್ಬರ ಅನುಭವ ಮಾತ್ರ. ಯಾರಿಗೆ ಯಾವ ವ್ಯಾಯಾಮ, ಎಷ್ಟು, ಯಾವಾಗ ಎನ್ನುವುದನ್ನು ಅವರವರ ಡಾಕ್ಟರೇ ಹೇಳಬೇಕು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಕಾಯಿಲೆಯಿಂದ ಎದ್ದವರ ಕೈಯಿಂದ ಕೆಲಸ ಕಿತ್ತುಕೊಳ್ಳುವುದು ಬಹಳ ಸುಲಭ, ಅದಕ್ಕೆ ಪ್ರೀತಿ ಎಂಬ ಹೆಸರೂ ಸಿಗುತ್ತದೆ. ಅವರ ಕೆಲಸವನ್ನು ಅವರಿಗೇ ಬಿಟ್ಟು, ಅವರು ಒದ್ದಾಡುವುದನ್ನು ನೋಡುತ್ತಾ ಪಕ್ಕದಲ್ಲಿ ನಿಲ್ಲುವುದು ಕಷ್ಟ. ಏಪ್ರಿಲಿನ ಆ ಗುರುವಾರ ಬೀಗ ಹಾಕಿದ್ದು ಸರಿಯೋ ತಪ್ಪೋ ಎಂದು ನಾನು ಬಹಳ ಕಾಲ ಯೋಚಿಸಿದ್ದೇನೆ. ಅವರ ನಿವೃತ್ತಿಯ ದಿನ ಮುನಿನಂಜಪ್ಪನವರನ್ನೇ ಕೇಳಿದೆ. "ಅವತ್ತು ನಿಮ್ಮನ್ನ ಬೈಕಂಡೇ ಮನೆಗೋಗಿದ್ದು," ಎಂದರು, "ಆದ್ರೆ ಭದ್ರಣ್ಣ, ಆ ಆರು ತಿಂಗ್ಳಾಗೆ ನನ್ನ ಕಾಯ್ಲೆಯೋನು ಅಂತ ನೋಡ್ದೆ ಲೇಟಾಗ್ ಬಂದೋನು ಅಂತ ನೋಡಿದ್ದು ನೀವೊಬ್ರೇಯಾ."

ನಿಮ್ಮ ಮನೆಯಲ್ಲೋ, ಆಫೀಸಿನಲ್ಲೋ ಇಂಥ ಕಾಯಿಲೆಯಿಂದ ಎದ್ದು ಬಂದವರು ಇದ್ದರೆ, ಅವರು ಮೊದಲು ತಾವಾಗಿಯೇ ಮಾಡಿದ ಕೆಲಸ ಯಾವುದು, ಅದಕ್ಕೆ ನೀವು ಅಡ್ಡ ಬಂದಿರೋ, ದಾರಿ ಬಿಟ್ಟಿರೋ, ದಯವಿಟ್ಟು ಬರೆದು ತಿಳಿಸಿ. ಉತ್ತರ ಬರೆಯಲು ನನಗೆ ಸ್ವಲ್ಪ ದಿನ ಹಿಡಿಯಬಹುದು. ಓದುವುದನ್ನಂತೂ ಅವತ್ತೇ ಓದುತ್ತೇನೆ.